ಕದ್ದು ಹಿಡಿದ ರೋಜಾ

ರಂಜಾನ್ ತಿಂಗಳಲ್ಲಿ ಕದ್ದು ತಿನ್ನುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಬಾಗಿಲು ಹಾಕಿಕೊಂಡು ಗಟಗಟನೆ ನೀರು ಕುಡಿದು, ಬಾಯಿ ಒರೆಸಿಕೊಂಡು, ಹೊರಗೆ ಬಂದು ಒಣಮುಖ ಹಾಕಿಕೊಂಡು ಕೂರುವವರು. ಚಿಕ್ಕಂದಿನಲ್ಲಿ ನಾನೂ ಅದೇ ಗುಂಪಿನವನು, ಸುಳ್ಳೇಕೆ ಹೇಳಲಿ. ಆದರೆ ಕದ್ದು ಉಪವಾಸ ಮಾಡಿದ ಮನುಷ್ಯ ಅಂತ ನಾನು ಕಂಡದ್ದು ಒಬ್ಬರನ್ನೇ. ಅವರು ನಮ್ಮ ಭಾವ, ನನ್ನ ಅಕ್ಕನ ಗಂಡ.

ಭಾವನ ಕೆಲಸ ಟವರ್ ಕ್ರೇನ್ ನಡೆಸುವುದು. ದೊಡ್ಡ ಕಟ್ಟಡ ಏಳುವ ಕಡೆ ಕಬ್ಬಿಣದ ಕಂಬವೊಂದು ಉದ್ದನೆಯ ತೋಳು ಚಾಚಿಕೊಂಡು ನಿಂತಿರುತ್ತದಲ್ಲ, ಅದರ ತುದಿಯ ಗಾಜಿನ ಗೂಡಿನಲ್ಲಿ ಎರಡು ಲಿವರ್ ಹಿಡಿದು ಇಪ್ಪತ್ತೆಂಟು ವರ್ಷ ಕೂತವರು ಅವರು. ಇನ್ನೂರ ಹತ್ತು ಮೆಟ್ಟಿಲಿನ ಏಣಿ ಹತ್ತಿ ಬೆಳಗ್ಗೆ ಮೇಲೆ ಹೋದರೆ ಸಂಜೆಯೇ ಇಳಿಯುವುದು. ಕೆಳಗೆ ನಿಂತು ವಾಕಿಟಾಕಿಯಲ್ಲಿ ‘ಎಡಕ್ಕೆ, ಬಲಕ್ಕೆ, ಇಳಿಸಿ, ಸಾಕು’ ಅನ್ನುವ ಸಿಗ್ನಲ್‌ಮನ್ ನಾನು. ಅಷ್ಟು ಎತ್ತರದಿಂದ ಅವರಿಗೆ ಎಲ್ಲವೂ ಸರಿಯಾಗಿ ಕಾಣುವುದಿಲ್ಲ. ನಾನು ಹೇಳಿದ ಹಾಗೆ ಅವರು ಲಿವರ್ ಆಡಿಸಬೇಕು. ಮನೆಯಲ್ಲಿ ಅವರ ಎದುರು ಕಾಲು ಚಾಚಿ ಕೂರಲೂ ಹೆದರುವ ನಾನು ಸೈಟಿನಲ್ಲಿ ದಿನವಿಡೀ ಅವರಿಗೆ ಅಪ್ಪಣೆ ಕೊಡುತ್ತಿದ್ದೆ. ಅದರ ಸುಖವೇ ಬೇರೆ.

ಸೈಟಿನಲ್ಲಿ ಅವರಿಗೆ ‘ಮೇಲಿನವರು’ ಅಂತ ಹೆಸರು. “ಮೇಲಿನವರು ಮನಸ್ಸು ಮಾಡಿದ್ರೆ ಕಾಂಕ್ರೀಟ್ ಹತ್ತು ಗಂಟೆಗೇ ಬರುತ್ತೆ” ಅಂತ ಗಾರೆಯವರು ತಮಾಷೆ ಮಾಡಿದರೆ ಭಾವ ವಾಕಿಟಾಕಿಯಲ್ಲೇ ಗದರುತ್ತಿದ್ದರು. “ತೌಬಾ ತೌಬಾ, ಹಾಗೆಲ್ಲ ಅನ್ಬಾರ್ದು. ಮೇಲಿರೋನು ಒಬ್ಬನೇ. ನಾನು ಬರೀ ಹದಿನೆಂಟನೇ ಮಹಡಿಯವನು.” ಕೇಳಿದವರೆಲ್ಲ ನಗುತ್ತಿದ್ದರು. ಇಷ್ಟು ವರ್ಷದಲ್ಲಿ ಅವರ ಕೊಕ್ಕೆಯಿಂದ ಒಂದು ಇಟ್ಟಿಗೆ ಕೂಡ ಬಿದ್ದಿರಲಿಲ್ಲ. ಹನ್ನೊಂದನೇ ವಯಸ್ಸಿನಿಂದ ಒಂದು ರೋಜಾ, ಅಂದರೆ ರಂಜಾನಿನ ಒಂದು ಉಪವಾಸ ಕೂಡ ತಪ್ಪಿಸಿರಲಿಲ್ಲ. ಈ ಎರಡೇ ವಿಷಯಕ್ಕೆ ಅವರಿಗೆ ಒಳಗೊಳಗೇ ಜಂಬ. ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಆದರೆ ಇತ್ತು.

ಐವತ್ತಾರನೇ ವಯಸ್ಸಿನಲ್ಲಿ ಭಾವನಿಗೆ ಸಕ್ಕರೆ ಕಾಯಿಲೆ ಹಿಡಿಯಿತು. ಆಸ್ಪತ್ರೆಗೆ ಕರೆದುಕೊಂಡು ಹೋದವನು ನಾನೇ. ಡಾಕ್ಟರಮ್ಮ ಮಾತ್ರೆ ಬರೆದುಕೊಟ್ಟು, ಅವರ ಗಡ್ಡ ನೋಡಿ, ಕೇಳುವ ಮೊದಲೇ ಹೇಳಿದರು: “ಯಜಮಾನ್ರೇ, ಈ ಮಾತ್ರೆ ನುಂಗಿ ಊಟ ಬಿಟ್ರೆ ಸಕ್ಕರೆ ದಿಢೀರ್ ಅಂತ ಇಳಿಯುತ್ತೆ. ಕೈ ನಡುಗುತ್ತೆ, ಮಾತು ತೊದಲುತ್ತೆ, ತಲೆ ಓಡಲ್ಲ, ಆಮೇಲೆ ಎಚ್ಚರ ತಪ್ಪುತ್ತೆ. ಉಪವಾಸದ ಮಾತೇ ಎತ್ತಬೇಡಿ.” ಭಾವ ಹೂಂ ಅಂದರು. ಹೊರಗೆ ಬಂದವರೇ ಸೀದಾ ಮಸೀದಿಗೆ ನಡೆದರು, ಮೇಲಿನ ಕೋರ್ಟಿನಲ್ಲಾದರೂ ತೀರ್ಪು ಬದಲಾಗಲಿ ಅಂತ. ಇಮಾಮ್ ಸಾಹೇಬರೂ ಅದನ್ನೇ ಹೇಳಬೇಕೆ! “ಕಾಯಿಲೆಯವರಿಗೆ ಅಲ್ಲಾಹನೇ ರಿಯಾಯಿತಿ ಕೊಟ್ಟಿದ್ದಾನೆ. ದಿನಕ್ಕೊಬ್ಬ ಬಡವನಿಗೆ ಊಟ ಹಾಕಿ, ಆಯ್ತು. ಅವನೇ ಕೊಟ್ಟಿದ್ದನ್ನ ಬೇಡ ಅನ್ನೋಕೆ ನಾವ್ಯಾರು?” ಭಾವ ಅದಕ್ಕೂ ಹೂಂ ಅಂದರು. ಅವರ ಹೂಂ ಅನ್ನುವುದನ್ನು ನಂಬಬಾರದು ಅಂತ ನನಗೆ ಆಗಲೇ ತಿಳಿಯಬೇಕಿತ್ತು.

ಅಕ್ಕ ನನ್ನ ಕೈ ಹಿಡಿದುಕೊಂಡು ಎರಡು ಮಾತು ತೆಗೆದುಕೊಂಡಳು. ಒಂದು, ಭಾವನ ಮೇಲೆ ಕಣ್ಣಿಟ್ಟಿರಬೇಕು. ಇನ್ನೊಂದು, ಕಾಯಿಲೆಯ ವಿಷಯ ಸೈಟಿನಲ್ಲಿ ಯಾರ ಕಿವಿಗೂ ಬೀಳಬಾರದು. ಬಿದ್ದರೆ ಅವರನ್ನು ಆ ಗೂಡಿನಿಂದ ಇಳಿಸುತ್ತಾರೆ. “ಅವರನ್ನ ನೆಲದ ಮೇಲೆ ಕೂರಿಸಿದ್ರೆ ಅವತ್ತೇ ಮುದುಕರಾಗಿಬಿಡ್ತಾರೆ ಕಣೋ” ಅಂದಳು. ಎರಡೂ ಮಾತು ಒಟ್ಟಿಗೆ ನಡೆಸುವುದು ಆಗುವ ಹೋಗುವ ಕೆಲಸವಲ್ಲ ಅನ್ನುವುದು ನಮ್ಮಿಬ್ಬರಿಗೂ ಹೊಳೆಯಲಿಲ್ಲ. ನಾನೂ ಹೂಂ ಅಂದೆ.

ರಂಜಾನ್ ಶುರುವಾಯಿತು. ಅಕ್ಕ ನಸುಕಿನ ಸಹರಿ ಊಟಕ್ಕೆ ಎದ್ದು ತನ್ನ ಪಾಡಿಗೆ ಉಣ್ಣುವಾಗ ಭಾವ ಜೊತೆಗೆ ಕೂತು ಒಂದು ಲೋಟ ನೀರಿನಲ್ಲಿ ಮಾತ್ರೆ ನುಂಗುತ್ತಿದ್ದರು. “ಊಟ ಬೆಳಗ್ಗೆ ಸೈಟಲ್ಲಿ ಮಾಡ್ತೀನಿ, ಡಬ್ಬಿ ಕಟ್ಟು” ಅನ್ನುತ್ತಿದ್ದರು. ಅವಳು ಸಕ್ಕರೆ ಇಳಿದರೆ ಇರಲಿ ಅಂತ ಚೀಲದಲ್ಲಿ ಒಂದು ಸಣ್ಣ ಡಬ್ಬಿ ಕಲ್ಲುಸಕ್ಕರೆ, ಖರ್ಜೂರ ಇಟ್ಟು, ಊಟಕ್ಕೆ ಮೂರು ಅಂತಸ್ತಿನ ಡಬ್ಬಿ ತುಂಬಿ ಕಳಿಸುತ್ತಿದ್ದಳು. ಸಂಜೆ ಅದು ಬೆಳಗಿಟ್ಟ ಹಾಗೆ ಖಾಲಿಯಾಗಿ ಬರುತ್ತಿತ್ತು. ಅಕ್ಕನಿಗೆ ಖುಷಿಯೋ ಖುಷಿ. ಗಂಡ ಹೇಳಿದ ಮಾತು ಕೇಳುತ್ತಿದ್ದಾನೆ ಅಂತ ಅಕ್ಕಪಕ್ಕದವರ ಹತ್ತಿರವೂ ಹೇಳಿಕೊಂಡಳು.

ಹದಿನೆಂಟನೇ ರೋಜಾದ ದಿನ ಮಧ್ಯಾಹ್ನ ನಾಲ್ಕರ ಹೊತ್ತಿಗೆ ಗೇಟಿನ ಕಾವಲುಗಾರ ನನ್ನನ್ನು ಕರೆದು ಹೇಳಿದ: “ನಿಮ್ಮಕ್ಕನ ಕೈಗೆ ಬಂಗಾರದ ಬಳೆ ತೊಡಿಸ್ಬೇಕು ಸ್ವಾಮಿ. ಹದಿನೆಂಟು ದಿನದಿಂದ ಉಣ್ತಾ ಇದ್ದೀನಿ, ಒಂದು ದಿನ ಉಪ್ಪು ಹೆಚ್ಚಿಲ್ಲ, ಖಾರ ಕಮ್ಮಿ ಇಲ್ಲ.”

ನನಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಹೊಳೆಯಿತು. ಭಾವ ದಿನಾ ಬೆಳಗ್ಗೆ ಡಬ್ಬಿಯನ್ನು ಇವನ ಕೈಗೆ ಕೊಟ್ಟು, ಸಂಜೆ ತೊಳೆದ ಡಬ್ಬಿ ವಾಪಸು ಪಡೆಯುತ್ತಿದ್ದರು. ಮಾತ್ರೆ ನುಂಗಿ ಹೆಂಡತಿಯ ಮಾತು ಉಳಿಸಿದರು, ಡಬ್ಬಿ ಕೊಟ್ಟು ಬಡವನಿಗೆ ಊಟ ಹಾಕಿದರು, ತಾವು ಮಾತ್ರ ಯಾರಿಗೂ ಹೇಳದೆ ರೋಜಾ ಹಿಡಿದರು. ಡಾಕ್ಟರು, ಇಮಾಮರು, ಅಕ್ಕ ಮೂವರನ್ನೂ ಒಪ್ಪಿಸಿ ಮೂವರಿಗೂ ಟೋಪಿ ಹಾಕಿದ್ದರು. ಹದಿನೇಳು ದಿನ ಹೇಗೋ ದಾಟಿತ್ತು. ಖಾಲಿ ಹೊಟ್ಟೆಗೆ ಆ ಮಾತ್ರೆ!

ಮೇಲಕ್ಕೆ ನೋಡಿದೆ. ಗಾಜಿನ ಗೂಡು ಬಿಸಿಲಿಗೆ ಹೊಳೆಯುತ್ತಿತ್ತು. ವಾಕಿಟಾಕಿಯ ಗುಂಡಿ ಒತ್ತಿದೆ. ಆದರೆ ಏನು ಹೇಳುವುದು? ಇಡೀ ಸೈಟಿಗೆ ಒಂದೇ ಲೈನು. ನಾನು ಕೆಮ್ಮಿದರೂ ಬೇಡಪ್ಪನಿಗೆ ಕೇಳುತ್ತದೆ. ಬೇಡಪ್ಪ ಅಂದರೆ ನಮ್ಮ ಸೇಫ್ಟಿ ಆಫೀಸರು. ಏನು ಕೇಳಿದರೂ ‘ಬೇಡಪ್ಪ, ಬೇಡ’ ಅನ್ನುವುದರಿಂದ ಆ ಹೆಸರು ಬಿದ್ದಿತ್ತು. ಅವರಿಗೆ ಗೊತ್ತಾದರೆ ಭಾವನ ಗೂಡು ಹೋಯಿತು ಅಂತಲೇ ಲೆಕ್ಕ.

“ಭಾವ, ಊಟ ಆಯ್ತಾ?” ಅಂದೆ.

“ಆಯ್ತಪ್ಪ. ಹೊಟ್ಟೆ ಬಿರಿಯೋ ಹಾಗೆ ತಿಂದೆ.” ದನಿ ಗಟ್ಟಿಯಾಗಿಯೇ ಇತ್ತು.

ಆಗಲೇ ನಾನು ಬಾಯಿಬಿಡಬೇಕಿತ್ತು. ಬಿಡಲಿಲ್ಲ. ಇನ್ನು ಎರಡೂವರೆ ಗಂಟೆ ತಾನೇ, ಇಳಿದ ಮೇಲೆ ಚೆನ್ನಾಗಿ ಉಗಿಯೋಣ ಅಂತ ಸುಮ್ಮನಾದೆ. ನನ್ನಂಥ ಕತ್ತೆ ಇನ್ನೊಬ್ಬನಿಲ್ಲ. ಇವತ್ತಿಗೂ ಅದನ್ನು ನೆನೆದರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಆಮೇಲಿನ ಎರಡು ಗಂಟೆ ಕಾಲ ನಾನು ಕೊಕ್ಕೆ ಆಡುವುದನ್ನು ನೋಡಿ ಅವರ ಕೈ ಹೇಗಿದೆ ಅಂತ ಅಳೆಯುತ್ತಿದ್ದೆ. ಐದು ಗಂಟೆಯವರೆಗೆ ಎಲ್ಲ ಸರಿ. ಐದೂವರೆಗೆ ಒಂದು ಕಂಬಿಯ ಕಟ್ಟನ್ನು ಇಳಿಸುವಾಗ ಅದು ನೆಲಕ್ಕೆ ಧಪ್ಪೆಂದು ಕೂತಿತು. ಭಾವನ ಕೈಯಿಂದ ಯಾವತ್ತೂ ಯಾವುದೂ ಧಪ್ಪೆಂದು ಕೂತದ್ದಿಲ್ಲ. “ಗಾಳಿ ಕಣೋ” ಅಂದರು. ಗೋಣಿಚೀಲದ ಅಂಚು ಕೂಡ ಅಲುಗುವಷ್ಟು ಗಾಳಿ ಇರಲಿಲ್ಲ.

ಆರೂಕಾಲಿಗೆ ದಿನದ ಕೊನೆಯ ಲೋಡು. ಲಾರಿಯ ಮೇಲಿದ್ದ ಅಚ್ಚಿನ ಕಾಂಕ್ರೀಟ್ ಗೋಡೆ, ಎರಡೂವರೆ ಟನ್ನು. ಆರನೇ ಮಹಡಿಯಲ್ಲಿ ಅದನ್ನು ಕೂರಿಸಲು ಮೂವರು ಗಾರೆಯವರು ಕಾಯುತ್ತಿದ್ದರು. ಇತ್ತ ಅಂಗಳದ ಬಲಗಡೆ ರೋಜಾ ಇದ್ದ ಕೆಲಸಗಾರರೆಲ್ಲ ಕೈಕಾಲು ತೊಳೆದು ಚಾಪೆ ಹಾಸುತ್ತಿದ್ದರು. ರೋಜಾ ಮುಗಿಸುವ ಸಂಜೆಯ ಕರೆ, ಮಗ್ರಿಬ್ ಅಜಾನ್, ಆರು ಮೂವತ್ತೆಂಟಕ್ಕೆ. ಗೋಡೆ ನೆಲ ಬಿಟ್ಟು ಎರಡು ಆಳು ಎತ್ತರ ಏರಿತು.

“ಎಡಕ್ಕೆ, ನಿಧಾನ” ಅಂದೆ.

ಕ್ರೇನಿನ ತೋಳು ಬಲಕ್ಕೆ ತಿರುಗಿತು.

“ಭಾವ, ಎಡಕ್ಕೆ! ಎಡಕ್ಕೆ!”

“ಎಡಕ್ಕೇ ಹೋಗ್ತಾ ಇದೀನಲ್ಲೋ,” ಅಂದರು. ನಾಲಿಗೆ ದಪ್ಪವಾದವರ ಮಾತು ಅದು. ಗೋಡೆ ಚಾಪೆಗಳ ಕಡೆಗೆ ಸಾಗುತ್ತಲೇ ಇತ್ತು.

“ನಿಲ್ಲಿಸಿ! ನಿಲ್ಲಿಸಿ! ನಿಲ್ಲಿಸಿ!” ಸೀಟಿ ಊದಿದೆ. ಚಾಪೆಯ ಮೇಲಿದ್ದವರು ಚೆಲ್ಲಾಪಿಲ್ಲಿಯಾಗಿ ಓಡಿದರು. ಯಾರದೋ ನೀರಿನ ಬಿಂದಿಗೆ ಉರುಳಿತು. ಗೋಡೆ ಸರಿಯಾಗಿ ಚಾಪೆಗಳ ನೆತ್ತಿಯ ಮೇಲೆ ಬಂದು ನಿಂತು, ಆಚೆ ಈಚೆ ತೂಗಾಡಿತು.

ಲಿವರ್‌ನಿಂದ ಕೈ ತೆಗೆದರೆ ಕ್ರೇನು ತಾನಾಗಿ ನಿಲ್ಲುತ್ತದೆ, ಅದಕ್ಕೆ ಹೆದರಿಕೆಯಿಲ್ಲ. ಹೆದರಿಕೆ ಇರುವುದು ಬುದ್ಧಿ ಕೆಟ್ಟ ಕೈ ಲಿವರ್ ಹಿಡಿದೇ ಇದ್ದರೆ. ಇನ್ನೊಂದು ಹೆದರಿಕೆ ಅದಕ್ಕಿಂತ ದೊಡ್ಡದು: ಏಣಿ ಹತ್ತಲು ಗಟ್ಟಿ ಆಳಿಗೂ ಹತ್ತು ನಿಮಿಷ ಬೇಕು, ಎಚ್ಚರ ತಪ್ಪಿದ ಮನುಷ್ಯನನ್ನು ಅಲ್ಲಿಂದ ಇಳಿಸಲು ಒಂದು ಗಂಟೆ. ಅಷ್ಟರಲ್ಲಿ ನಮ್ಮಕ್ಕ ವಿಧವೆಯಾಗುತ್ತಾಳೆ.

“ಭಾವ, ಲಿವರ್ ಬಿಡಿ. ಕೈ ಮಡಿಲಲ್ಲಿ ಇಟ್ಕೊಳ್ಳಿ. ನಿಮ್ಮ ಚೀಲದಲ್ಲಿ ಅಕ್ಕ ಸಣ್ಣ ಡಬ್ಬೀಲಿ ಕಲ್ಲುಸಕ್ಕರೆ, ಖರ್ಜೂರ ಇಟ್ಟಿರ್ತಾಳೆ. ತೆಗೆದು ತಿನ್ನಿ. ಈಗಲೇ.”

ಗುಂಡಿ ಬಿಟ್ಟಾಗ ನನಗೇ ಗೊತ್ತಾಯಿತು, ಗುಟ್ಟು ಇಡೀ ಸೈಟಿನ ಕಿವಿಗೆ ಬಿತ್ತು ಅಂತ. ಕಚೇರಿಯ ಬಾಗಿಲು ತೆರೆದು ಬೇಡಪ್ಪ ಓಡಿ ಬರುತ್ತಿದ್ದರು. ಬರಲಿ. ಅಕ್ಕನಿಗೆ ಕೊಟ್ಟ ಒಂದು ಮಾತು ಹೋಯಿತು, ಇನ್ನೊಂದಾದರೂ ಉಳಿಯಲಿ.

“ಅಜಾನ್ ಆಗಿಲ್ಲ” ಅಂದರು ಭಾವ.

“ಭಾವ, ನಿಮಗೆ ಸಕ್ಕರೆ ಇಳಿದಿದೆ. ಕೈ ನಡುಗ್ತಾ ಇದೆಯಾ?”

“ಇಪ್ಪತ್ತು ನಿಮಿಷ. ನಲವತ್ತೈದು ವರ್ಷ ತಡೆದಿದೀನಿ, ಇಪ್ಪತ್ತು ನಿಮಿಷ ತಡೀತೀನಿ. ನೀನು ಸುಮ್ನೆ ಅಮ್ಮನ್ನ ಕರಿ, ಬಾಗಿಲು ತೆಗೀಲಿ.”

ಅವರ ಅಮ್ಮ ತೀರಿಕೊಂಡು ಹದಿನಾಲ್ಕು ವರ್ಷ. ಅಷ್ಟರಲ್ಲಿ ಬೇಡಪ್ಪ ಬಂದು ನಿಂತರು. ಅವರು ಬೈಯಲಿಲ್ಲ, ನನ್ನ ಮುಖ ನೋಡಿ ಒಂದೇ ಮಾತು ಕೇಳಿದರು: “ಶುಗರ್ರಾ?” ನಾನು ತಲೆಯಾಡಿಸಿದೆ. ಅವರು ಇನ್ನೊಬ್ಬ ಆಪರೇಟರನ್ನು ಏಣಿಯ ಕಡೆ ಓಡಿಸಿ, ಆಂಬುಲೆನ್ಸಿಗೆ ಫೋನು ಹಚ್ಚಿ, ನನಗೆ ಹೇಳಿದರು: “ಮಾತಾಡ್ತಾ ಇರಪ್ಪ. ನಿದ್ದೆ ಹೋಗೋಕೆ ಬಿಡಬೇಡ.”

ಆಗ ನಾನು ಮಾಡಬಾರದ ಕೆಲಸ ಮಾಡಿದೆ. “ಭಾವ, ಅಜಾನ್ ಆಯ್ತು. ಈಗ ತಾನೇ ಕೂಗಿದ್ರು. ನಿಮಗೆ ಕೇಳಿಸಿಲ್ಲ ಅಷ್ಟೇ. ನಾನೂ ಬಿಡ್ತಾ ಇದೀನಿ, ನೀವೂ ಬಿಡಿ” ಅಂದೆ. ರೋಜಾ ಇರುವ ಬಾಯಲ್ಲಿ ಅಂಥ ಸುಳ್ಳು.

ಮೇಲಿನಿಂದ ನಗು ಕೇಳಿಸಿತು, ಕುಡಿದವರು ನಗುವ ಹಾಗೆ. “ಯಾರಿಗೆ ಹೇಳ್ತೀಯೋ ಬಾಮೈದ? ಕೆಳಗೆ ನಿಮಗೆ ಸೂರ್ಯ ಮುಳುಗಿದ ಮೇಲೂ ನನಗೆ ಎರಡು ನಿಮಿಷ ಕಾಣ್ತಾನೆ. ಈಗ ನೋಡು, ನನ್ನ ಮೂಗಿನ ಎದುರಿಗೇ ಕೂತಿದಾನೆ.” ಆಮೇಲೆ ದನಿ ಇಳಿಯಿತು. “ಈ ಗೋಡೆ ಇಲ್ಲಿ ಯಾಕೆ ಬಂತು? ತಡಿ, ತಿರುಗಿಸ್ತೀನಿ.”

“ಬೇಡ ಭಾವ! ಮುಟ್ಟಬೇಡಿ!”

ತೋಳು ಒಂದು ಗೇಣು ಅಲುಗಿತು. ಸರಪಳಿಗಳು ಕಿರುಗುಟ್ಟಿದವು. ಗೋಡೆ ಮತ್ತೆ ತೂಗತೊಡಗಿತು.

ನನಗೆ ಸಿಟ್ಟು ಬಂತು. ಸುಮ್ಮನೆ ಹೇಳುತ್ತಿಲ್ಲ, ಭಯಕ್ಕಿಂತ ಹೆಚ್ಚು ಸಿಟ್ಟೇ ಬಂತು. ಡಾಕ್ಟರು ಬೇಡ ಅಂದರು, ಇಮಾಮರು ಬೇಡ ಅಂದರು, ಅಲ್ಲಾಹನೇ ಬೇಡ ಅಂದಿದ್ದಾನೆ. ಈ ಮನುಷ್ಯನಿಗೆ ತನ್ನ ಹಟವೇ ದೊಡ್ಡದೇ? ಸಿಗ್ನಲ್‌ಮನ್ ಕೆಲಸಕ್ಕೆ ಸೇರಿದ ಮೊದಲ ದಿನ ಇದೇ ಭಾವ ನನ್ನ ಕಿವಿ ಹಿಂಡಿ ಕಲಿಸಿದ್ದು ಒಂದೇ ಪಾಠ: ತೂಗುವ ಲೋಡಿನ ಕೆಳಗೆ ಕಾಲಿಡಬಾರದು, ಪ್ರಾಣ ಹೋದರೂ ಇಡಬಾರದು. ನಾನು ನಡೆದುಹೋಗಿ ಖಾಲಿ ಚಾಪೆಗಳ ನಡುವೆ, ಆ ಗೋಡೆಯ ನೇರ ಕೆಳಗೆ ನಿಂತೆ. ಹಿಂದಿನಿಂದ ಬೇಡಪ್ಪ ಅರಚುತ್ತಿದ್ದರು: “ಬೇಡಪ್ಪ! ಬೇಡ! ಆಚೆ ಬಾ!”

“ಭಾವ, ಕೆಳಗೆ ನೋಡಿ” ಅಂದೆ. “ನಾನು ಎಲ್ಲಿದೀನಿ ಹೇಳಿ.”

ಮತ್ತೆ ಗುಂಡಿ ಒತ್ತಿದೆ.

“ಲೋಡಿನ ಕೆಳಗೆ ಇದೀನಿ. ನೀವು ತಿನ್ನೋವರೆಗೂ ಇಲ್ಲಿಂದ ಕದಲಲ್ಲ. ನಿಮ್ಮ ರೋಜಾ ನಿಮಗೆ ಬೇಕು ಅಂದ್ರೆ ಹಿಡ್ಕೊಂಡಿರಿ. ನಾನೂ ಹೀಗೇ ನಿಂತಿರ್ತೀನಿ.”

“ಆಚೆ ಹೋಗೋ.” ದನಿ ಕ್ಷೀಣವಾಗಿತ್ತು.

“ಹೋಗಲ್ಲ.”

“ಲೋ... ಆಚೆ ಹೋಗೋ ಮಾರಾಯಾ. ನಿನ್ನಕ್ಕನಿಗೆ ಏನು ಹೇಳ್ಲಿ ನಾನು?”

“ನೀವು ಹೋದ್ರೆ ನಾನೇನು ಹೇಳ್ಲಿ ಅವಳಿಗೆ?”

ತಲೆಯ ಮೇಲೆ ಎರಡೂವರೆ ಟನ್ನು ತೂಗುತ್ತಿತ್ತು. ಅದರ ಅಂಚಿನಿಂದ ಸಿಮೆಂಟಿನ ಪುಡಿ ನನ್ನ ಹೆಗಲಿಗೆ ಉದುರುತ್ತಿತ್ತು. ಮೇಲಕ್ಕೆ ನೋಡುವ ಧೈರ್ಯ ಬರಲಿಲ್ಲ. ಕಣ್ಣು ಮುಚ್ಚಿಕೊಂಡು ಬಾಯಿಗೆ ಬಂದ ದುಆ, ಪ್ರಾರ್ಥನೆ ಎಲ್ಲ ಹೇಳಿದೆ, ಅರ್ಧಂಬರ್ಧ. ಎಷ್ಟು ಹೊತ್ತೋ ಗೊತ್ತಿಲ್ಲ. ಬೇಡಪ್ಪ ಆಮೇಲೆ ಒಂದೂವರೆ ನಿಮಿಷ ಅಂದರು.

ವಾಕಿಟಾಕಿ ಗೊರಗೊರ ಅಂದಿತು. ಡಬ್ಬಿಯ ಮುಚ್ಚಳ ತೆರೆಯುವ ಸದ್ದು. ಏನೋ ಕೆಳಗೆ ಚೆಲ್ಲಿದ ಸದ್ದು. “ಬಿಸ್ಮಿಲ್ಲಾ” ಅಂದರು. ಆಮೇಲೆ ಜಗಿಯುವ ಸದ್ದು, ಕಲ್ಲುಸಕ್ಕರೆ ಹಲ್ಲಿಗೆ ಸಿಕ್ಕಿ ಪುಡಿಯಾಗುವ ಸದ್ದು, ಅದರ ನಡುವೆ ಅಳು. ತಾವಿನ್ನೂ ವಾಕಿಟಾಕಿಯ ಗುಂಡಿ ಒತ್ತಿಹಿಡಿದಿರುವುದು ಅವರಿಗೆ ತಿಳಿದಿತ್ತೋ ಇಲ್ಲವೋ. ಇಡೀ ಸೈಟು ಆ ಐವತ್ತಾರು ವರ್ಷದ ಗಂಡಸು ಅಳುತ್ತಾ ತಿನ್ನುವುದನ್ನು ಕೇಳಿಸಿಕೊಂಡಿತು. ಬೇಡಪ್ಪ ಬಂದು ನನ್ನ ಕಾಲರ್ ಹಿಡಿದು ಗೋಡೆಯ ಕೆಳಗಿನಿಂದ ಹೊರಗೆ ಎಳೆದರು.

ಇನ್ನೊಬ್ಬ ಆಪರೇಟರು ಮೇಲೆ ತಲುಪಿ ಗೋಡೆಯನ್ನು ಬಯಲಿನಲ್ಲಿ ಇಳಿಸಿದ. ಭಾವನ ಸೊಂಟಕ್ಕೆ ಹಗ್ಗ ಕಟ್ಟಿ, ಒಂದೊಂದೇ ಮೆಟ್ಟಿಲು ಹೇಳಿಸಿ ಇಳಿಸಿದರು. ಅರ್ಧ ಏಣಿಯಲ್ಲಿದ್ದಾಗ ಅಜಾನ್ ಶುರುವಾಯಿತು. ಭಾವ ಒಂದು ಕ್ಷಣ ನಿಂತು ಅದನ್ನು ಪೂರ್ತಿ ಕೇಳಿಸಿಕೊಂಡು ಮತ್ತೆ ಕಾಲು ಇಳಿಬಿಟ್ಟರು.

ಆಂಬುಲೆನ್ಸಿನ ನರ್ಸು ಬೆರಳಿಗೆ ಚುಚ್ಚಿ ನೋಡಿ, “ಇಷ್ಟು ತಿಂದ ಮೇಲೂ ಇಷ್ಟೇ ಇದೆ. ಇನ್ನು ಕಾಲು ಗಂಟೆ ತಡವಾಗಿದ್ರೆ...” ಅಂದಳು. ಬೇಡಪ್ಪ ಭಾವನ ಎದುರು ಕುಕ್ಕರಗಾಲಿನಲ್ಲಿ ಕೂತು, ಅವರ ಕೊರಳಿನ ಆಪರೇಟರ್ ಕಾರ್ಡನ್ನು ತಾವೇ ಮೆಲ್ಲಗೆ ತೆಗೆದುಕೊಂಡರು. “ಸ್ಟೋರಿನಲ್ಲಿ ಕೆಲಸ ಕೊಡಿಸ್ತೀನಿ. ಮೇಲಕ್ಕೆ ಮಾತ್ರ ಇನ್ನು ಬೇಡ” ಅಂದರು. ಭಾವ ಹೂಂ ಅಂದರು. ಆ ಒಂದು ಹೂಂ ನಿಜವಾದದ್ದು.

ಆಂಬುಲೆನ್ಸಿನ ಹಿಂದಿನ ಮೆಟ್ಟಿಲ ಮೇಲೆ ನಾವಿಬ್ಬರೇ ಉಳಿದೆವು. ನಾನು ಇನ್ನೂ ರೋಜಾ ಬಿಟ್ಟಿರಲಿಲ್ಲ, ಮರೆತೇ ಹೋಗಿತ್ತು. ಭಾವ ಆ ಸಣ್ಣ ಡಬ್ಬಿಯಿಂದ ಖರ್ಜೂರ ತೆಗೆದು ನನ್ನ ಬಾಯಿಗಿಟ್ಟರು. ನಾನು ಕಣ್ಣೆತ್ತಲಿಲ್ಲ. “ತಪ್ಪಾಯ್ತು ಭಾವ. ನಿಮ್ಮ ರೋಜಾ ನಾನು ಮುರಿಸಿದೆ, ನಿಮ್ಮ ಕೆಲಸ ನಾನು ಕಳೆದೆ. ಆದ್ರೆ ಲೋಡಿನ ಕೆಳಗೆ ನಿಂತಿದ್ದು ಕೆಲಸಕ್ಕೆ ಬಂತಲ್ಲ, ನನ್ನ ನೋಡಿ ಹೆದರಿ ತಿಂದ್ರಲ್ಲ, ಅಷ್ಟು ಸಾಕು ನನಗೆ” ಅಂದೆ.

ಭಾವ ಡಬ್ಬಿಯ ಮುಚ್ಚಳ ಮುಚ್ಚಿ ಪಕ್ಕಕ್ಕಿಟ್ಟರು.

“ಆಚೆ ಹೋಗೋ ಅಂದೆನಲ್ಲ, ಆಮೇಲೆ ನಿನ್ನ ಮಾತು ಕೇಳಿಸಲೇ ಇಲ್ಲ ಕಣೋ” ಅಂದರು. “ನೀನು ಅಲ್ಲಿ ನಿಂತಿದ್ದು ಕಾಣ್ತು. ಪಕ್ಕದ ಚಾಪೆ ಖಾಲಿ ಇದೆ, ಅಲ್ಲಿ ಇಳಿಸಿಬಿಡೋಣ, ಬಾಮೈದನಿಗೆ ತಾಗಲ್ಲ ಅಂತ ಲಿವರ್‌ಗೆ ಕೈ ಹಾಕಿದ್ದೆ. ಇನ್ನೊಂದು ಸಲ ನೋಡಿದೆ. ಆ ಚಾಪೆ ಮೇಲೂ ನೀನೇ ನಿಂತಿದ್ದೆ. ಇಬ್ಬರಿದ್ರಿ. ಯಾವನು ನಿಜ ಅಂತ ಗೊತ್ತಾಗ್ಲಿಲ್ಲ. ಅದಕ್ಕೇ ಕೈ ತೆಗೆದು ಡಬ್ಬಿ ಹುಡುಕಿದೆ.”

ಅವರು ಖಾಲಿ ಅಂದುಕೊಂಡ ಚಾಪೆ ನಾನು ನಿಂತ ಚಾಪೆಯೇ ಆಗಿರಬಹುದಿತ್ತು. ಬಾಯಲ್ಲಿದ್ದ ಖರ್ಜೂರದ ಬೀಜವನ್ನು ಅಂಗೈಗೆ ಉಗುಳಿದೆ. ಭಾವ ನೀರಿನ ಲೋಟ ನನ್ನ ಬಾಯಿಗೆ ಹಿಡಿದು, ನಾನು ಪೂರ್ತಿ ಕುಡಿಯುವವರೆಗೂ ತಮ್ಮ ಎರಡೂ ಕೈಯಿಂದ ಹಿಡಿದೇ ಇದ್ದರು.